ಒಂದು ಹಿಡಿ ಹಳೇ ಹೊಟ್ಟು

ಇಲಿಗಳ ಪೆಟ್ಟಿಗೆ ಬದಲಿಸುವುದೆಂದರೆ ಸಂಸಾರ ಹೊತ್ತು ಮನೆ ಬದಲಿಸಿದ ಹಾಗೆ ಎಂದು ಇಲಿಯಕ್ಕ ಹೇಳುತ್ತಿದ್ದಳು. ಕೇಳಿದವರು ನಗುತ್ತಿದ್ದರು. ನಗುವವರು ನಗಲಿ, ಇಪ್ಪತ್ತೆರಡು ವರ್ಷ ಒಂದು ಸಂಶೋಧನಾ ಸಂಸ್ಥೆಯ ಪ್ರಾಣಿಮನೆಯಲ್ಲಿ ಬೆನ್ನು ಬಗ್ಗಿಸಿದವಳು ಅವಳು. ತೊಳೆದು, ಹಬೆಯಲ್ಲಿ ಬೇಯಿಸಿ, ಒಣಗಿಸಿ ತಂದ ಪೆಟ್ಟಿಗೆಗೆ ಹೊಸ ಮರದ ಹೊಟ್ಟು ಸುರಿದು ಚಿಟ್ಟಿಲಿಯನ್ನು ಬಿಟ್ಟು ನೋಡಿ. ಗೋಡೆಯಿಂದ ಗೋಡೆಗೆ ಮೂಗು ತಾಗಿಸುತ್ತ ಓಡುತ್ತದೆ, ಮೂಲೆ ಸೇರಿ ಉಂಡೆಯಾಗುತ್ತದೆ, ಅರ್ಧ ದಿನ ಕಾಳು ಮುಟ್ಟುವುದಿಲ್ಲ. ಅದೇ ಹಳೆಯ ಪೆಟ್ಟಿಗೆಯಿಂದ ಒಂದು ಹಿಡಿ ಹೊಟ್ಟು ತೆಗೆದು ಹೊಸದರ ಮೂಲೆಗೆ ಹಾಕಿ ನೋಡಿ. ಎರಡು ಸುತ್ತು ಹಾಕಿ ಆ ಮೂಲೆಗೆ ಬಂದು, ಮುಂಗಾಲಿನಿಂದ ಮುಖ ಉಜ್ಜಿಕೊಂಡು, ತನ್ನ ಮನೆಯೇ ಎಂಬಂತೆ ಮಲಗಿಬಿಡುತ್ತದೆ. ಅವಳು ಕೆಲಸಕ್ಕೆ ಸೇರಿದ ಮೊದಲ ವಾರ, ಆಗಿದ್ದ ಪಶುವೈದ್ಯರು ಪಕ್ಕದಲ್ಲಿ ನಿಂತು ಹೇಳಿಕೊಟ್ಟಿದ್ದರು. ಆ ಪುಣ್ಯಾತ್ಮರು ಈಗ ಇಲ್ಲ. ಅವರು ಕಲಿಸಿದ ಆ ಒಂದು ಹಿಡಿ ಮಾತ್ರ ಅವಳ ಕೈಗೆ ಅಂಟಿಕೊಂಡಿತ್ತು.

ಅವಳಿಗೆ ಬೇರೆ ಹೆಸರಿತ್ತು. ಸಂಬಳದ ಚೀಟಿಯಲ್ಲಿ ಬಿಟ್ಟರೆ ಇನ್ನೆಲ್ಲೂ ಅದು ಬಳಕೆಯಲ್ಲಿರಲಿಲ್ಲ. ಮೇಲಿನ ಮಹಡಿಯ ವಿಜ್ಞಾನಿಗಳಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ ಎಲ್ಲರಿಗೂ ಅವಳು ಇಲಿಯಕ್ಕ. ಪ್ರಾಣಿಮನೆಯಲ್ಲಿ ಹಗಲು ಹೊತ್ತು ದೀಪ ಆರಿಸಿ, ಮಂಕು ಕೆಂಪು ಬಲ್ಬು ಉರಿಸುತ್ತಾರೆ. ಇಲಿಗಳು ಕತ್ತಲಲ್ಲಿ ಚುರುಕು, ನೋಡುವ ಮನುಷ್ಯರು ಹಗಲಲ್ಲಿ ಚುರುಕು. ಅದಕ್ಕೇ ಇಲಿಗಳ ಹಗಲನ್ನೇ ತಿರುವುಮುರುವು ಮಾಡಿದ್ದರು. ಆ ಕೆಂಪು ಮಬ್ಬಿನಲ್ಲಿ ಮುನ್ನೂರು ಪೆಟ್ಟಿಗೆಗಳ ನಡುವೆ ಅವಳು ಕಣ್ಣು ಮುಚ್ಚಿಕೊಂಡು ಓಡಾಡಬಲ್ಲಳು. ಯಾವ ಹೆಣ್ಣು ಯಾವತ್ತು ಗಂಡಿನ ಜೊತೆ ಕೂಡಿತು, ಯಾವುದು ಎಷ್ಟು ಮರಿ ಹಾಕಿತು, ಯಾವುದು ಕಚ್ಚುತ್ತದೆ, ಯಾವುದು ಕಚ್ಚುವ ಹಾಗೆ ಬರೀ ಆಟ ಕಟ್ಟುತ್ತದೆ, ಎಲ್ಲ ಅವಳ ತಲೆಯಲ್ಲೇ. ರಿಜಿಸ್ಟರು ತೆರೆಯುವ ಮೊದಲು ಎಲ್ಲರೂ ಅವಳನ್ನೇ ಕೇಳುತ್ತಿದ್ದರು. ಆ ನೆನಪಿನ ಮೇಲೆ ಅವಳಿಗೆ ಒಳಗೊಳಗೇ ಜಂಬ.

ಅವಳಿಗಿದ್ದ ಇನ್ನೊಂದು ಜಂಬ ಗುಬ್ಬಿ. ಗುಬ್ಬಿ ಅವಳ ಅಕ್ಕನ ಮಗಳು. ಅಕ್ಕ ತೀರಿಕೊಂಡಾಗ ಮಗುವಿಗೆ ನಾಲ್ಕು ವರ್ಷ, ಅಪ್ಪ ಎನಿಸಿಕೊಂಡವನು ಅದಕ್ಕೂ ಮೊದಲೇ ನಾಪತ್ತೆಯಾಗಿದ್ದ. ತನ್ನ ಮದುವೆಯ ಮಾತು ಬಂದಾಗಲೆಲ್ಲ ಇಲಿಯಕ್ಕ "ಮಗು ಸ್ವಲ್ಪ ದೊಡ್ಡದಾಗಲಿ" ಎನ್ನುತ್ತಿದ್ದಳು. ಮಗು ದೊಡ್ಡದಾಗುವಷ್ಟರಲ್ಲಿ ಆ ಮಾತು ತರುವವರೇ ಉಳಿದಿರಲಿಲ್ಲ. ಗುಬ್ಬಿ ಓದಿದಳು, ಓದಿದಳು, ಓದುತ್ತಲೇ ಹೋದಳು. ಕೊನೆಗೆ ಸಂಶೋಧನೆ ಮಾಡುವ ವಿದ್ಯಾರ್ಥಿನಿಯಾಗಿ ಇದೇ ಸಂಸ್ಥೆಯ ಮೇಲಿನ ಮಹಡಿಗೆ ಬಂದು ಕೂತಳು.

ಬಂದ ಮೊದಲ ದಿನವೇ ಹೇಳಿದ್ದಳು: "ಚಿಕ್ಕಮ್ಮ, ಅಲ್ಲಿ ನಾವಿಬ್ರೂ ಸಂಬಂಧ ಅಂತ ಯಾರಿಗೂ ಹೇಳ್ಬೇಡ. ಚಿಕ್ಕಮ್ಮನ ಕೃಪೆಯಿಂದ ಜಾಗ ಸಿಕ್ತು ಅಂತಾರೆ."

"ಇಲಿ ಪೆಟ್ಟಿಗೆ ಎತ್ತೋಳ ಕೃಪೆಯಿಂದಾನಾ? ಅಬ್ಬಬ್ಬಾ, ನಂಗೂ ಅಷ್ಟು ಬೆಲೆ ಬಂತಲ್ಲ!"

"ತಮಾಷೆ ಅಲ್ಲ. ನಾನೂ ಅಲ್ಲಿ ನಿನ್ನ ಇಲಿಯಕ್ಕ ಅಂತೀನಿ. ನೀನು ನನ್ನ ಮೇಡಂ ಅನ್ಬೇಕು."

"ಆಗ್ಲಿ ಕಣೇ ಮೇಡಂ. ತಟ್ಟೆ ತೊಳೆದಿಟ್ಟು ಹೋಗು ಮೇಡಂ," ಎಂದು ನಕ್ಕಿದ್ದಳು. ಹಾಗೆ ನಾಲ್ಕು ವರ್ಷ ಕೆಳಗೊಂದು ಮೇಲೊಂದು ಹೆಸರಿಟ್ಟುಕೊಂಡು ನಡೆಯಿತು. ಅದರಿಂದ ಅವಳಿಗೆ ಬೇಜಾರೇನೂ ಆಗಿರಲಿಲ್ಲ. ಕಾರಿಡಾರಿನಲ್ಲಿ ಬಿಳಿ ಕೋಟು ತೊಟ್ಟು ಎದುರಾಗುವ ಹುಡುಗಿಗೆ ದಾರಿ ಬಿಟ್ಟು ನಿಲ್ಲುವಾಗ ಮುಖಗವಸಿನೊಳಗೆ ಅವಳ ತುಟಿ ನಗುತ್ತಿತ್ತು.

ಗುಬ್ಬಿಯ ಕೆಲಸ ಏನೆಂದು ಇಲಿಯಕ್ಕ ಒಮ್ಮೆ ಬಟ್ಟೆ ಮಡಿಸುತ್ತ ಕೇಳಿದ್ದಳು.

"ಹೆಣ್ಣಿಲಿ ಗಂಡಿನ ಜೊತೆ ಕೂಡಿದ ಮೇಲೆ ಐದಾರು ಗಂಟೆ ಅದರ ಜೊತೇಲೇ ಇರತ್ತಲ್ಲ," ಎಂದಳು ಗುಬ್ಬಿ, "ಆಗ ಆ ಗಂಡಿನ ವಾಸನೆ ಅದರ ತಲೇಲಿ ಅಚ್ಚಾಗತ್ತೆ. ಮುಂದಿನ ಎರಡು ಮೂರು ದಿನದಲ್ಲಿ ಬೇರೆ ಗಂಡಿನ ವಾಸನೆ ಬಡೀತು ಅನ್ನು, ಬಸಿರು ನಿಲ್ಲಲ್ಲ. ತನ್ನದೇ ಗಂಡಿನ ವಾಸನೆ ಆದ್ರೆ ಏನೂ ಆಗಲ್ಲ, ಗುರುತು ಸಿಕ್ಕತ್ತಲ್ಲ."

"ಅದು ನಂಗೊತ್ತು. ಹೊಸ ಗಂಡಿನ ಪೆಟ್ಟಿಗೇನ ಆ ಸಾಲಿನ ಹತ್ರ ಇಡಬೇಡ ಅಂತ ಯಾವ ಕಾಲದಿಂದ್ಲೂ ಹೇಳ್ತಾರೆ."

"ಆ ಗುರುತು ಹ್ಯಾಗೆ ಅಚ್ಚಾಗತ್ತೆ ಅನ್ನೋದು ನನ್ನ ಕೆಲಸ. ಮೂಗಿನ ಹಿಂದೆ, ಮೆದುಳಿನ ಮುಂತುದೀಲಿ ಪುಟ್ಟ ಗೆಡ್ಡೆ ಥರದ ಒಂದು ಭಾಗ ಇದೆ. ಕೂಡಿದ ಗಳಿಗೇಲಿ ಅಲ್ಲಿಗೆ ಒಂದು ರಸ ಸುರಿಯತ್ತೆ. ನಾರ್‌ಅಡ್ರಿನಲಿನ್ ಅಂತ. ಇದು ದೊಡ್ಡ ಸಂಗತಿ, ಎಚ್ಚರ ಇರು, ಈ ವಾಸನೇನ ಇಟ್ಕೋ ಅಂತ ಸಾರೋದು ಅದೇ."

"ಡಂಗುರ ಹೊಡೆಯೋನು ಅನ್ನು."

"ಹೂಂ, ಹಾಗೇ ಅನ್ಕೋ. ನಾನು ಕೊಡೋ ಔಷಧಿ ಆ ರಸದ ಕೆಲಸಾನ ತಡೆಯತ್ತೆ."

"ಡಂಗುರದವನ ಬಾಯಿಗೆ ಬಟ್ಟೆ ತುರುಕ್ತೀಯ."

"ತುರುಕಿದ್ರೆ ಇಲಿಗೆ ಗುರುತೇ ಉಳಿಯಲ್ಲ. ಮಾರನೇ ದಿನ ಅದರದ್ದೇ ಗಂಡಿನ ವಾಸನೆ ತೋರಿಸಿದ್ರೂ, ಯಾವನೋ ಇವನು ಅನ್ನತ್ತೆ. ಬಸಿರು ಹೋಗತ್ತೆ."

"ಗುರುತು ಮರೆಯೋಕೆ ಔಷಧಿ ಬೇರೆ ಬೇಕಾ? ನಿಮ್ಮಪ್ಪಂಗೆ ಯಾರು ಕೊಟ್ಟಿದ್ರು?" ಎಂದಳು ಇಲಿಯಕ್ಕ. ಇಬ್ಬರೂ ಕಣ್ಣಲ್ಲಿ ನೀರು ಬರುವ ತನಕ ನಕ್ಕರು.

ಪ್ರಯೋಗ ಶುರುವಾಯಿತು. ಪೆಟ್ಟಿಗೆಗಳಿಗೆ ಬಿಳಿ, ಕೆಂಪು, ಹಳದಿ ಚೀಟಿಗಳು ಬಂದವು. ಯಾವ ಬಣ್ಣಕ್ಕೆ ಏನು ಅರ್ಥ ಎಂದು ಇಲಿಯಕ್ಕನಿಗೆ ಯಾರೂ ಹೇಳಲಿಲ್ಲ. ಕೆಲಸದವರಿಗೆ ಅರ್ಥ ಗೊತ್ತಿರದಿದ್ದರೇ ಪ್ರಯೋಗ ಚೊಕ್ಕ ಎಂಬುದು ಮೇಲಿನವರ ಲೆಕ್ಕಾಚಾರ. ಗುಬ್ಬಿ ಔಷಧಿ ಕೊಡುವಳು, ಗಂಡು ಆರು ಗಂಟೆ ಹೆಣ್ಣಿನ ಜೊತೆ ಇರುವುದು, ಆಮೇಲೆ ಹೆಣ್ಣನ್ನು ಎತ್ತಿ ಹೊಸ ಪೆಟ್ಟಿಗೆಗೆ ಹಾಕುವುದು ಇಲಿಯಕ್ಕನ ಪಾಲು.

ಮೊದಲ ಹೆಣ್ಣನ್ನು ಎತ್ತುವ ಮೊದಲೇ ಇಲಿಯಕ್ಕ ಕೇಳಿದ್ದಳು. ಮಬ್ಬುಗೆಂಪು ಬೆಳಕಿನಲ್ಲಿ ಗುಬ್ಬಿ ಎತ್ತರದ ಸ್ಟೂಲಿನ ಮೇಲೆ ಕೂತು ಕಂಪ್ಯೂಟರಿಗೆ ಅಂಕಿ ತುಂಬುತ್ತಿದ್ದಳು.

"ಮೇಡಂ, ಹೊಸ ಪೆಟ್ಟಿಗೆಗೆ ಹಳೇ ಹೊಟ್ಟು ಒಂದು ಹಿಡಿ ಹಾಕೋದು ನನ್ನ ಪದ್ಧತಿ. ಹೆದರದ ಹಾಗೆ ಇರ್ತವೆ. ಇವಕ್ಕೂ ಹಾಕ್ಲಾ?"

"ಹೂಂ, ಹೂಂ. ಹಾಕಿ. ನಿಮಗೆ ಗೊತ್ತಿರೋ ಕೆಲಸ ತಾನೇ ಇಲಿಯಕ್ಕ," ಎಂದಳು ಗುಬ್ಬಿ, ಅರೆಗಣ್ಣಲ್ಲಿ ಇತ್ತ ನೋಡಿ ಮತ್ತೆ ಅಂಕಿ ತುಂಬುತ್ತ.

ಹಾಕಿದಳು. ಬಿಳಿ ಚೀಟಿಯವಕ್ಕೆ, ಕೆಂಪು ಚೀಟಿಯವಕ್ಕೆ, ಹಳದಿ ಚೀಟಿಯವಕ್ಕೆ, ಯಾರಿಗೂ ಭೇದ ಮಾಡದೆ ಹಾಕಿದಳು. ರಿಜಿಸ್ಟರಿನಲ್ಲಿ "ಪೆಟ್ಟಿಗೆ ಬದಲಿಸಿದೆ" ಎಂಬ ಅಚ್ಚಾದ ಸಾಲಿನ ಮುಂದೆ ಗುರುತು ಹಾಕುವುದಕ್ಕೆ ಒಂದು ಚೌಕ ಇತ್ತು, ಅಷ್ಟೆ. ಹಿಡಿ ಹೊಟ್ಟಿನ ಮಾತು ಬರೆಯಲು ಜಾಗವೇ ಇರಲಿಲ್ಲ.

ಆರು ತಿಂಗಳು ಕಳೆಯುವಷ್ಟರಲ್ಲಿ ಗುಬ್ಬಿ ಕಡ್ಡಿಯಾದಳು. ಮನೆಯಲ್ಲಿ ಮಾತಿಲ್ಲ, ಊಟಕ್ಕೆ ಕೂತರೆ ತಟ್ಟೆ ಕೆದಕುವುದೇ ಕೆಲಸ. ಒಂದು ಭಾನುವಾರ ಮಧ್ಯಾಹ್ನ ಇಲಿಯಕ್ಕ ತಡೆಯಲಾರದೆ ಅವಳ ಮುಂದಿದ್ದ ತಟ್ಟೆಯನ್ನು ಎಳೆದುಕೊಂಡಳು.

"ಏನಾಗಿದೆ ಹೇಳು. ಹೇಳೋ ತನಕ ಊಟ ಇಲ್ಲ."

"ನನ್ನ ಔಷಧಿ ವಿಷ ಅಂತಿದಾರೆ ದೊಡ್ಡವರು." ದೊಡ್ಡವರು ಎಂದರೆ ಆ ವಿಭಾಗದ ಮುಖ್ಯಸ್ಥರು. "ಇನ್ನೊಂದೂವರೆ ತಿಂಗಳು ಟೈಮು ಕೊಟ್ಟಿದಾರೆ. ಆಮೇಲೆ ನಿಲ್ಲಿಸಿ ಮನೆಗೆ ಹೋಗು ಅಂತಾರೆ. ನಾಲ್ಕು ವರ್ಷ ನೀರಲ್ಲಿ ಹೋಮ."

"ವಿಷ ಅಂತ ಹ್ಯಾಗೆ ಅಂತಾರೆ?"

ಗುಬ್ಬಿ ಮೇಜಿನ ಮೇಲೆ ಬೆರಳಿನಿಂದ ನೀರೆಳೆದು ಮೂರು ಗೆರೆ ಹಾಕಿದಳು. "ಬಿಳಿ ಚೀಟಿ. ಇವಕ್ಕೆ ಔಷಧಿ ಇಲ್ಲ, ಬರೀ ಉಪ್ಪುನೀರು. ಮಾರನೇ ದಿನ ತಮ್ಮ ಗಂಡಿನ ವಾಸನೆ ತೋರಿಸ್ತೀನಿ. ಬಸಿರು ನಿಂತಿದೆ, ಸರಿ. ಕೆಂಪು ಚೀಟಿ. ಔಷಧಿ ಕೊಡ್ತೀನಿ, ಗಂಡಿನ ವಾಸನೆ ತೋರಿಸ್ತೀನಿ. ಬಸಿರು ಹೋಗಿದೆ. ಗುರುತು ಸಿಗಲಿಲ್ಲ ಅಂತ ಅರ್ಥ. ಅದೂ ಸರಿ. ಈ ಹಳದಿದೇ ಗೋಳು. ಇವಕ್ಕೆ ಔಷಧಿ ಕೊಟ್ಟು ವಾಸನೆ ತೋರಿಸಲ್ಲ. ಗಂಡಿನ ವಾಸನೆ ಒಂಚೂರೂ ಸೋಕಬಾರದು ಇವಕ್ಕೆ. ಸೋಕದಿದ್ರೆ ಬಸಿರು ನಿಲ್ಲಬೇಕು ತಾನೇ? ಆದ್ರೆ ಹೋಗ್ತಿದೆ! ಹತ್ತರಲ್ಲಿ ಎಂಟು ಹೋಗ್ತಿದೆ. ಅಂದ್ಮೇಲೆ ಮರೆವಿನಿಂದ ಅಲ್ಲ, ಔಷಧೀನೇ ಬಸಿರು ಇಳಿಸ್ತಿದೆ ಅಂತಾಗತ್ತಲ್ಲ."

ಇಲಿಯಕ್ಕನಿಗೆ ಹೊಟ್ಟಿನ ನೆನಪಾಯಿತು. ಗಂಡು ಆರು ಗಂಟೆ ಉಚ್ಚೆ ಹೊಯ್ದು ಓಡಾಡಿದ ಹೊಟ್ಟು. ಅದರಿಂದ ಒಂದು ಹಿಡಿ. ಅವಳ ಕೈಯಾರೆ. ಎಂಟು ಹೋಗ್ತಿದೆ, ಎಂಟು ಹೋಗ್ತಿದೆ ಎಂದು ಕಿವಿಯಲ್ಲಿ ಗುಂಯ್‌ಗುಡುತ್ತಿತ್ತು. ತಟ್ಟೆಯನ್ನು ಮೆಲ್ಲಗೆ ಹಿಂದಕ್ಕೆ ತಳ್ಳಿ "ಉಣ್ಣು" ಎಂದಳು. ಖಾತ್ರಿಯಿಲ್ಲದ ಮಾತನ್ನು ಹೇಳಿ ಹುಡುಗಿಯನ್ನು ಕುಣಿಸಿ ಆಮೇಲೆ ಕೆಡವುವುದು ಬೇಡ ಎನಿಸಿತು.

ಮಾರನೆಯ ದಿನದಿಂದ ಹಳದಿ ಚೀಟಿಯ ಎಂಟು ಹೆಣ್ಣುಗಳಿಗೆ ಅವಳು ಹಿಡಿ ಹೊಟ್ಟು ಹಾಕಲಿಲ್ಲ. ಅವು ಓಡಿದವು, ಮೂಲೆಯಲ್ಲಿ ಉಂಡೆಯಾದವು, ಉಪವಾಸ ಕೂತವು. ನೋಡಲಾರದೆ ಮುಖ ತಿರುಗಿಸಿದಳು. ಹತ್ತು ದಿನ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ಹನ್ನೊಂದನೆಯ ದಿನ ಒಂದೊಂದನ್ನೇ ಅಂಗೈ ಮೇಲೆ ಕೂರಿಸಿಕೊಂಡಳು. ತೂಕದ ಯಂತ್ರ ಏನಾದರೂ ಹೇಳಲಿ, ಬಸಿರಿನ ಭಾರ ಅವಳ ಅಂಗೈಗೆ ಗೊತ್ತು. ಎಂಟರಲ್ಲಿ ಏಳರ ಹೊಟ್ಟೆ ಗುಂಡಗೆ ತುಂಬಿತ್ತು.

ಬಾಯಿ ಮುಚ್ಚಿಕೊಂಡು ಇನ್ನು ಮುಂದೆ ಹಿಡಿ ಹಾಕುವುದನ್ನು ಬಿಟ್ಟುಬಿಡಬಹುದಿತ್ತು. ಯೋಚನೆ ಬರಲಿಲ್ಲ ಎಂದರೆ ಸುಳ್ಳಾದೀತು. ಆದರೆ ಆರು ತಿಂಗಳು ಹೋದ ಬಸಿರು ಇದ್ದಕ್ಕಿದ್ದ ಹಾಗೆ ನಿಲ್ಲತೊಡಗಿದರೆ, ಹುಡುಗಿ ಅಂಕಿ ತಿದ್ದಿದ್ದಾಳೆ ಎಂದೇ ಅಲ್ಲವೇ ಅನ್ನುವುದು? ಕಾರಣ ಸಿಕ್ಕರೆ ಮಾತ್ರ ಹುಡುಗಿ ಬಚಾವು. ಕಾರಣ ಇರುವುದು ಇವಳ ಕೈಯಲ್ಲಿ.

ಆ ಸಂಜೆ ಗುಬ್ಬಿ ಚಪ್ಪಲಿ ಬಿಡುವ ಮೊದಲೇ ಹೇಳಿದಳು. ಎಲ್ಲ ಹೇಳಿದಳು, ಏಳು ಹೊಟ್ಟೆಗಳ ಲೆಕ್ಕ ಸಮೇತ.

ಗುಬ್ಬಿ ಒಂದು ಕಾಲಲ್ಲಿ ಚಪ್ಪಲಿ ಹಾಕಿಕೊಂಡೇ ಕುಣಿದಳು. "ಒಂದು ಹಿಡೀನಾ? ಬರೀ ಒಂದು ಹಿಡೀಲಿ ಬಸಿರು ಹೋಯ್ತಾ? ಚಿಕ್ಕಮ್ಮ, ಇದು ಇನ್ನೂ ಒಳ್ಳೇದಾಯ್ತು! ಔಷಧಿ ವಿಷ ಅಲ್ಲ! ವಾಸನೆ ಸೋಕಿದ್ರೆ ಹೋಗತ್ತೆ, ಸೋಕದಿದ್ರೆ ನಿಲ್ಲತ್ತೆ. ನಾನು ಹೇಳಿದ್ದೇ ಸರಿ!" ಇಲಿಯಕ್ಕನ ಕೆನ್ನೆಗೆ ಮುತ್ತಿಟ್ಟಳು. ಇಲಿಯಕ್ಕನಿಗೆ ಆರು ತಿಂಗಳ ಮೇಲೆ ಎದೆ ತುಂಬ ಉಸಿರು ಬಂದ ಹಾಗಾಯಿತು.

ಆಮೇಲೆ ಗುಬ್ಬಿ ಕುರ್ಚಿಯ ಮೇಲೆ ಕೂತಳು. ಮುಖ ಇಳಿಯಿತು. "ದೊಡ್ಡವರು ಮೊದಲು ಕೇಳೋದು, ಆರು ತಿಂಗಳು ಇದು ನಿನ್ನ ಕಣ್ಣಿಗೆ ಹ್ಯಾಗೆ ಬೀಳಲಿಲ್ಲ ಅಂತ."

"ಇದ್ದದ್ದನ್ನ ಇದ್ದ ಹಾಗೆ ಹೇಳು. ನಾನು ಕೇಳಿದ್ದೆ, ನೀನು ಹೂಂ ಅಂದೆ. ಇಬ್ಬರಿಗೂ ಹೊಳೀಲಿಲ್ಲ. ತಪ್ಪು ಮನುಷ್ಯರೇ ಮಾಡೋದು."

ಗುಬ್ಬಿ ಬಗ್ಗಿ ಉಳಿದ ಚಪ್ಪಲಿ ಕಳಚಿದಳು. "ಫೋನ್ ಮಾಡ್ಬೇಕು" ಎಂದು ಎದ್ದು ಒಳಗೆ ಹೋದಳು.

ಎರಡು ದಿನ ಬಿಟ್ಟು ಇಲಿಯಕ್ಕನಿಗೆ ಮೇಲಿನ ಮಹಡಿಯಿಂದ ಕರೆ ಬಂತು. ದೊಡ್ಡವರ ಕೋಣೆಗೆ ಅವಳು ಹೋಗಿದ್ದು ಅದೇ ಮೊದಲು. ಉದ್ದನೆಯ ಮೇಜು, ಅದರಾಚೆ ದೊಡ್ಡವರು, ಪಕ್ಕದಲ್ಲಿ ಈಗಿನ ಪಶುವೈದ್ಯ, ಈಚೆ ಬದಿಯಲ್ಲಿ ಗುಬ್ಬಿ. ಇಲಿಯಕ್ಕನಿಗೂ ಒಂದು ಕುರ್ಚಿ ಇತ್ತು. ಕೂತುಕೊಳ್ಳಿ ಎಂದು ಯಾರೂ ಹೇಳದ್ದರಿಂದ ಅದರ ಬೆನ್ನು ಹಿಡಿದು ನಿಂತಳು.

ದೊಡ್ಡವರು ಸಿಟ್ಟಿನ ಮನುಷ್ಯರಲ್ಲ. ಮೆತ್ತಗೇ ಕೇಳಿದರು. "ಹಳೇ ಹೊಟ್ಟು ಹಾಕ್ತಿದ್ದಿದ್ದು ನಿಜಾನಾ?"

"ನಿಜ ಸಾರ್. ಇಪ್ಪತ್ತೆರಡು ವರ್ಷದಿಂದ ಹಾಕ್ತಿದೀನಿ."

"ಈ ಪ್ರಯೋಗಕ್ಕೆ ಹಾಕಬಾರದು ಅಂತ ಗೊತ್ತಿರಲಿಲ್ವಾ?"

"ಗೊತ್ತಿರಲಿಲ್ಲ ಸಾರ್. ಅದಕ್ಕೇ ಕೇಳಿದ್ದೆ. ಮೇಡಂನ ಕೇಳೇ ಹಾಕಿದ್ದು."

ದೊಡ್ಡವರು ಗುಬ್ಬಿಯ ಕಡೆ ತಿರುಗಿದರು. "ಕೇಳಿದ್ರಾ ಇವರು?"

ಗುಬ್ಬಿ ತನ್ನ ಮುಂದಿದ್ದ ಕಾಗದಗಳ ಅಂಚನ್ನು ಮೇಜಿಗೆ ಕುಟ್ಟಿ ಒಂದೇ ಸಮ ಮಾಡುತ್ತಿದ್ದಳು. ಅವು ಮೊದಲೇ ಸಮವಾಗಿದ್ದವು. "ಇಲ್ಲ ಸಾರ್," ಎಂದಳು. "ಪೆಟ್ಟಿಗೆ ಪೂರ್ತಿ ಶುದ್ಧ ಇರಬೇಕು ಅಂತ ನಾನು ಮೊದಲೇ ಹೇಳಿದ್ದೆ."

ಕುರ್ಚಿಯ ಬೆನ್ನು ಇಲಿಯಕ್ಕನ ಕೈಯಲ್ಲಿ ಕಿರ್ ಎಂದಿತು. ಹುಡುಗಿ ಈಗ ತಲೆ ಎತ್ತುತ್ತಾಳೆ, ಈಗ ತಿದ್ದಿಕೊಳ್ಳುತ್ತಾಳೆ ಎಂದು ಕಾದಳು. ಕಾಯುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಗುಬ್ಬಿ ತಲೆ ಎತ್ತಲಿಲ್ಲ.

"ಕೇಳಿದ್ದೆ ಸಾರ್," ಎಂದಳು ಇಲಿಯಕ್ಕ. "ಮೊದಲನೇ ಹೆಣ್ಣನ್ನ ಎತ್ತೋಕೆ ಮುಂಚೆ ಕೇಳಿದ್ದೆ. ಮಂಗಳವಾರ. ಹೂಂ ಹಾಕಿ ಅಂದಿದ್ರು."

"ಆರು ತಿಂಗಳ ಹಿಂದಿನ ವಾರ ನೆನಪಿದೆಯಾ ನಿಮಗೆ?" ಎಂದು ದೊಡ್ಡವರು ನಕ್ಕರು. ಕೆಟ್ಟ ನಗೆಯಲ್ಲ, ಮುದುಕಿಯನ್ನು ಸಮಾಧಾನ ಮಾಡುವ ನಗೆ. "ಇರಲಿ ಅಮ್ಮ. ವಯಸ್ಸಾಗ್ತಾ ಹೀಗಾಗತ್ತೆ. ಕೇಳಬೇಕು ಅಂದುಕೊಂಡಿರ್ತೀವಿ, ಕೇಳಿದೆ ಅಂತಲೇ ನೆನಪಾಗತ್ತೆ. ನಂಗೂ ಆಗತ್ತೆ."

ಇವಳು ನನ್ನ ಅಕ್ಕನ ಮಗಳು ಸಾರ್, ನಾನು ಸುಳ್ಳು ಹೇಳಿ ಇವಳಿಗೆ ಕೆಡುಕು ಬಯಸ್ತೀನಾ ಎಂಬ ಮಾತು ನಾಲಿಗೆ ತುದಿಗೆ ಬಂದಿತ್ತು. ಅದನ್ನು ಆಡಿದ್ದರೆ ಆ ಕೋಣೆಯಲ್ಲಿ ಏನಾಗುತ್ತಿತ್ತೋ. ಸಂಬಂಧ ಮುಚ್ಚಿಟ್ಟದ್ದು, ಮನೆಯಲ್ಲಿ ಪ್ರಯೋಗದ ಗುಟ್ಟು ಹೇಳಿದ್ದು, ಎಲ್ಲ ಹೊರಗೆ ಬಿದ್ದು ಹುಡುಗಿಯ ಬದುಕು ಮೂರಾಬಟ್ಟೆಯಾಗುತ್ತಿತ್ತು. ಮಾತನ್ನು ನುಂಗಿದಳು. ಅದು ಇಳಿದ ಜಾಗ ಇನ್ನೂ ಉರಿಯುತ್ತದೆ.

ವಾರದೊಳಗೆ ಪತ್ರ ಬಂತು. ಓದಿಕೊಂಡು ಸಹಿ ಹಾಕಿ ಎಂದು ಪಶುವೈದ್ಯ ಪೆನ್ನು ಕೊಟ್ಟ. ಅವಳು ಕನ್ನಡಕ ಹಾಕಿಕೊಂಡು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಮರೆವಿನ ಲಕ್ಷಣಗಳು ಕಂಡುಬಂದಿರುವುದರಿಂದ, ಪ್ರಾಣಿಗಳ ಹಿತದೃಷ್ಟಿಯಿಂದ, ನಿವೃತ್ತಿಯವರೆಗೆ ತೊಳೆಯುವ ವಿಭಾಗಕ್ಕೆ. ನಿವೃತ್ತಿಗೆ ಇನ್ನೂ ಹದಿನಾಲ್ಕು ತಿಂಗಳಿತ್ತು. ಮರೆವಿನ ಎಂಬ ಪದದ ಮೇಲೆ ಬೆರಳಿಟ್ಟು "ಇದನ್ನ ತೆಗೀತೀರಾ? ಉಳಿದದ್ದು ಇರ್ಲಿ" ಎಂದು ಕೇಳಿದಳು. ಅದು ಬರೆದದ್ದು ಮೇಲಿನವರು ಎಂದ ಪಶುವೈದ್ಯ. ಸಹಿ ಹಾಕಿದಳು. ಆ ದಿನ ಪೆಟ್ಟಿಗೆ ಸಾಲಿನಲ್ಲಿ ಮುನ್ನೂರ ಹನ್ನೆರಡು ಇಲಿಗಳಿದ್ದವು, ನಾಲ್ಕು ಹೆಣ್ಣುಗಳಿಗೆ ದಿನ ತುಂಬಿತ್ತು. ಹೊಸದಾಗಿ ಬಂದ ಹುಡುಗಿಗೆ ಒಪ್ಪಿಸಿ ಹೊರಗೆ ಬಂದಳು.

ತೊಳೆಯುವ ಕೋಣೆ ಕಟ್ಟಡದ ತಳದಲ್ಲಿ. ಅಲ್ಲಿ ಇಲಿಯಿಲ್ಲ, ಇಲಿ ಬಿಟ್ಟು ಹೋದದ್ದು ಮಾತ್ರ. ದಿನಕ್ಕೆ ಐದಾರು ತಳ್ಳುಗಾಡಿ ತುಂಬ ಕೊಳೆ ಪೆಟ್ಟಿಗೆ ಬರುತ್ತವೆ. ಹೊಟ್ಟು ಕೆರೆದು ಚೀಲಕ್ಕೆ ಸುರಿದು, ಪೆಟ್ಟಿಗೆಯನ್ನು ಬಿಸಿನೀರಿನ ಯಂತ್ರಕ್ಕೆ, ಅಲ್ಲಿಂದ ಹಬೆಯ ಯಂತ್ರಕ್ಕೆ ಹಾಕಬೇಕು. ಹಬೆಯ ಯಂತ್ರ ನೋಡಿಕೊಳ್ಳುವವನನ್ನು ಹಬೆಯಣ್ಣ ಎನ್ನುತ್ತಿದ್ದರು. ಯಂತ್ರದ ಗದ್ದಲದಲ್ಲಿ ಬದುಕು ಕಳೆದು ಅರ್ಧ ಕಿವಿ ಹೋದವನು, ಅದಕ್ಕೇ ಎಲ್ಲರೂ ಕಿವುಡರು ಎಂಬಂತೆ ಕೂಗಿ ಮಾತಾಡುವವನು.

"ಮರೆವು ಅಂತ ಕಳಿಸಿದ್ರಂತಲ್ಲಾ!" ಎಂದು ಮೊದಲ ದಿನವೇ ಕೂಗಿದ. "ಒಳ್ಳೇದಾಯ್ತು ಬಿಡಕ್ಕ! ಇಲ್ಲಿ ನೆನಪಿಡೋ ಅಂಥದ್ದು ಏನೂ ಇಲ್ಲ! ನಂಗೆ ಕೇಳಿಸಲ್ಲ, ನಿಂಗೆ ನೆನಪಿರಲ್ಲ, ಜೋಡಿ ಚೆನ್ನಾಗಿದೆ!"

ಅವಳು ನಗಲಿಲ್ಲ. ಎರಡು ತಿಂಗಳಾದ ಮೇಲೆ ನಕ್ಕಳು, ಬೇರೆ ಯಾವುದೋ ಮಾತಿಗೆ.

ಮನೆಯಲ್ಲಿ ಆ ಕೋಣೆಯ ಮಾತು ಇಬ್ಬರೂ ಎತ್ತಲಿಲ್ಲ. ಗುಬ್ಬಿ ಬೆಳಗ್ಗೆ ಬೇಗ ಹೋಗುವಳು, ತಡವಾಗಿ ಬರುವಳು, ಬಂದಾಗ ಏನಾದರೂ ತಿನ್ನುವುದಕ್ಕೆ ತರುವಳು. ಮೂರನೆಯ ತಿಂಗಳಿಗೆ ಸಂಸ್ಥೆಯ ಹಾಸ್ಟೆಲಿಗೆ ಹೋದಳು, ಬರೆಯುವುದು ಬಹಳ ಇದೆ ಎಂದು. ಇಲಿಯಕ್ಕ ತಡೆಯಲಿಲ್ಲ. ಅವಳು ಅಷ್ಟರಲ್ಲಿ ತನ್ನ ಮನಸ್ಸಿಗೆ ತಾನೇ ಒಂದು ಸಮಾಧಾನ ಕಟ್ಟಿಕೊಂಡಿದ್ದಳು. ಹುಡುಗಿ ಸುಳ್ಳು ಹೇಳಲಿಲ್ಲ, ಮರೆತಿದ್ದಾಳೆ. ಅಂದು ಕಂಪ್ಯೂಟರಿನಲ್ಲಿ ಮುಳುಗಿದ್ದವಳು, ಹೂಂ ಅಂದದ್ದು ಬಾಯಿ, ಕಿವಿಯಲ್ಲ. ಇಲಿ ಪೆಟ್ಟಿಗೆ ಎತ್ತುವವಳು ಕೇಳಿದ ಒಂದು ಮಾತಿಗೆ ಯಾವ ಮೆದುಳಿನಲ್ಲಿ ಯಾವ ಡಂಗುರ ಹೊಡೆದೀತು? ಹೊಡೆಯದಿದ್ದರೆ ಅಚ್ಚಾಗುವುದಿಲ್ಲ, ಅಚ್ಚಾಗದ್ದನ್ನು ಇಲ್ಲ ಎನ್ನುವುದು ಸುಳ್ಳಲ್ಲ. ಇದನ್ನು ಗುಬ್ಬಿಯೇ ಕಲಿಸಿಕೊಟ್ಟದ್ದಲ್ಲವೇ. ಹೊಟ್ಟು ಕೆರೆಯುತ್ತ ಕೆರೆಯುತ್ತ ಅವಳು ಈ ಮಾತನ್ನು ದಿನಕ್ಕೆ ನೂರು ಸಲ ಹೇಳಿಕೊಂಡಳು. ಬದುಕಿದ್ದದ್ದೇ ಅದರ ಮೇಲೆ.

ಎಂಟು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಗುಬ್ಬಿ ತೊಳೆಯುವ ಕೋಣೆಗೆ ಬಂದಳು. ಹಬೆಯಣ್ಣ ಯಂತ್ರದ ಹಿಂದೆ ನಟ್ಟು ಬಿಗಿಸುತ್ತಿದ್ದ. ಗುಬ್ಬಿಯ ಕೈಯಲ್ಲಿ ಹೊಳಪಿನ ಕಾಗದದ ನಾಲ್ಕು ಹಾಳೆ.

"ಅಚ್ಚಾಯ್ತು ಚಿಕ್ಕಮ್ಮ! ಮುಂದಿನ ವಾರ ನಂಗೆ ಡಾಕ್ಟರೇಟ್ ಕೊಡ್ತಾರೆ. ಆಮೇಲೆ ಬೇರೆ ಊರಲ್ಲಿ ಕೆಲಸ, ದೊಡ್ಡ ಲ್ಯಾಬು. ನೀನು ಬರಬೇಕು ಆ ದಿನ, ಮುಂದಿನ ಸಾಲಲ್ಲಿ ಕೂರಿಸ್ತೀನಿ."

"ಸಂತೋಷ ಕಣೇ," ಎಂದಳು ಇಲಿಯಕ್ಕ. ನಿಜವಾಗಿಯೂ ಆಗಿತ್ತು. ಒದ್ದೆ ಕೈಗವಸು ಕಳಚಿ, ಕೈ ಒರೆಸಿಕೊಂಡು ಹಾಳೆಗಳನ್ನು ತಿರುವಿ ನೋಡಿದಳು. ಅರ್ಥವಾಗದ ಭಾಷೆ, ಅರ್ಥವಾಗುವ ಮೂರು ಗೆರೆಗಳ ಚಿತ್ರ. "ಆ ಹೊಟ್ಟಿನ ಮಾತು ಎಲ್ಲಿದೆ?"

ಗುಬ್ಬಿ ತೋರಿಸಿದಳು. ಕೆಳಗೆ, ಸಣ್ಣ ಅಕ್ಷರದಲ್ಲಿ, ಒಂದು ಸಾಲು.

"ಏನಂತಿದೆ?"

"ಪ್ರಾಣಿಪಾಲಕರು ಸೂಚನೆ ಮೀರಿದ್ದರಿಂದ ಮೊದಲ ಆರು ತಿಂಗಳ ಹಳದಿ ಗುಂಪಿಗೆ ವಾಸನೆ ಸೋಕಿತ್ತು ಅಂತ."

ಇಲಿಯಕ್ಕ ಹಾಳೆಗಳನ್ನು ಹಿಂದಕ್ಕೆ ಕೊಟ್ಟಳು. "ಗುಬ್ಬಿ, ಒಂದೇ ಒಂದು ಮಾತು ಕೇಳ್ತೀನಿ. ಹಬೆಯಣ್ಣಂಗೆ ಕೇಳಿಸಲ್ಲ. ನಾನು ಅವತ್ತು ಕೇಳಿದ್ದೆ, ನೀನು ಹೂಂ ಅಂದಿದ್ದೆ. ನಿಂಗೆ ಅದು ಮರೆತುಹೋಗಿದೆ. ಹೌದು ತಾನೇ? ಮರೆತೋಯ್ತು ಅಂತ ಒಂದು ಸಲ ಹೇಳಿಬಿಡು. ನಂಗೆ ಅಷ್ಟೇ ಸಾಕು."

ಗುಬ್ಬಿ ಅವಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಕಣ್ಣು ತುಂಬಿಕೊಂಡಿತ್ತು.

"ನಿನ್ನ ಹತ್ರ ಸುಳ್ಳು ಹೇಳಲ್ಲ ಚಿಕ್ಕಮ್ಮ. ನೆನಪಿದೆ. ಮಂಗಳವಾರಾನೇ. ನಿನ್ನ ಬಲಗೈ ಗವಸು ಹರಿದಿತ್ತು, ಹೆಬ್ಬೆರಳು ಹೊರಗೆ ಬಂದಿತ್ತು. ಹೂಂ ಹಾಕಿ ಅಂತ ನಾನೇ ಅಂದೆ. ನೀನು ಆ ಸಂಜೆ ಹೊಟ್ಟಿನ ಮಾತು ಹೇಳಿದಾಗ್ಲೇ ನೆನಪಾಯ್ತು. ಆದ್ರೆ ದೊಡ್ಡವರ ಎದುರು ಹ್ಯಾಗೆ ಹೇಳ್ಲಿ? ಅಷ್ಟೂ ಗೊತ್ತಿಲ್ದೆ ಪ್ರಯೋಗ ಮಾಡಿದಳಾ ಅಂತ ನನ್ನ ಅವತ್ತೇ ಓಡಿಸ್ತಿದ್ರು. ನಿಂಗಾದ್ರೆ ಹೇಗೂ ಒಂದೇ ವರ್ಷ ಉಳಿದಿತ್ತು ತಾನೇ. ನೀನು ಅರ್ಥ ಮಾಡ್ಕೋತೀಯ ಅಂತ ಗೊತ್ತಿತ್ತು."

ಕೈಗವಸು ಹರಿದಿದ್ದದ್ದು ಇಲಿಯಕ್ಕನಿಗೇ ನೆನಪಿರಲಿಲ್ಲ. ಈಗ ಕಣ್ಣಿಗೆ ಕಟ್ಟಿದ ಹಾಗೆ ಬಂತು.

ಕೇಳಬಾರದಿತ್ತು. ಎಂಟು ತಿಂಗಳು ಹಗಲೂ ಇರುಳೂ ಒಂದೊಂದೇ ಎಳೆ ಹಾಕಿ ನೇಯ್ದುಕೊಂಡಿದ್ದನ್ನು ಹುಡುಗಿ ಪ್ರೀತಿಯಿಂದಲೇ ಒಂದು ಎಳೆತಕ್ಕೆ ಬಿಚ್ಚಿ ಕೈಗಿಟ್ಟಳು. ಇಲಿಯಕ್ಕ ತನ್ನ ಕೈ ಬಿಡಿಸಿಕೊಂಡಳು, ಒರಟಾಗಿ ಅಲ್ಲ, ಬಿಸಿ ಪಾತ್ರೆಯಿಂದ ಬಿಡಿಸಿಕೊಂಡ ಹಾಗೆ.

"ಆ ದಿನ ಬರ್ತೀಯಲ್ಲಾ?" ಎಂದಳು ಗುಬ್ಬಿ.

"ಇಲ್ಲ."

"ಚಿಕ್ಕಮ್ಮ..."

"ಗಾಡಿ ಬರತ್ತೆ ಈಗ. ಬಟ್ಟೆ ಒದ್ದೆಯಾಗತ್ತೆ, ಹೊರಡು."

ಗುಬ್ಬಿ ಹಾಳೆಗಳಿಗೆ ನೀರು ಸಿಡಿಯದ ಹಾಗೆ ಕೋಟಿನೊಳಗೆ ಸೇರಿಸಿಕೊಂಡು ಮೆಟ್ಟಿಲು ಹತ್ತಿದಳು. ಮೇಲಿನ ಬಾಗಿಲು ಮುಚ್ಚಿದ ಸದ್ದು ಯಂತ್ರದ ಗದ್ದಲದಲ್ಲೂ ಕೇಳಿಸಿತು.

ಹಬೆಯಣ್ಣ ಸ್ಪ್ಯಾನರು ಹಿಡಿದು ಯಂತ್ರದ ಹಿಂದಿನಿಂದ ಬಂದ. "ಯಾರಕ್ಕ ಅದು? ಕೈ ಹಿಡ್ಕೊಂಡು ಮಾತಾಡ್ತಿದ್ಲು! ನಿಮ್ಮ ಕಡೆಯೋಳಾ?"

ಇಲಿಯಕ್ಕ ಒದ್ದೆ ಗವಸುಗಳನ್ನು ಮತ್ತೆ ಏರಿಸಿಕೊಂಡಳು. ಒಂದೊಂದೇ ಬೆರಳು ಸರಿಯಾಗಿ ಕೂರುವ ತನಕ ಎಳೆದಳು.

"ಅಲ್ಲಣ್ಣ!" ಎಂದು ಕೂಗಿ ಹೇಳಿದಳು, ಅವನಿಗೆ ಕೇಳಿಸಲಿ ಎಂದು. "ಮೇಲಿನ ಲ್ಯಾಬಿನೋರು! ಏನೋ ವಿಚಾರಿಸೋಕೆ ಬಂದಿದ್ರು!"

"ಸಿಕ್ತಂತಾ ಅವರಿಗೆ ಬೇಕಾಗಿದ್ದು?"

"ಸಿಕ್ತಂತೆ," ಎಂದಳು ಇಲಿಯಕ್ಕ, ಮುಂದಿನ ಪೆಟ್ಟಿಗೆ ಎಳೆದುಕೊಂಡು.